ಕೋಲಾರದ ಕೆರೆಯಿಂದ ಕೋಪನ್‌ಹೇಗನ್‌ವರೆಗೆ: ಜೀವವೈವಿಧ್ಯವನ್ನು ದಾಖಲಿಸಿ ಹಂಚಿಕೊಳ್ಳುವ ಸಮಗ್ರ ಮಾರ್ಗದರ್ಶಿ

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, ಪಂಪ್ ಮಾಡಿ, ಒಂದು ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ ಹರಿಸುವ ಯೋಜನೆ ಅದು. ನೀರಿನ ಗುಣಮಟ್ಟದ ಜಗಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆ ವಾದವಿವಾದದಲ್ಲಿ ಹೆಚ್ಚು ಜನ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ನೀರು ಬರುವ ಮೊದಲು ಈ ಕೆರೆಯಂಗಳಗಳಲ್ಲಿ ಯಾವ ಜೀವಿಗಳಿದ್ದವು? ಬತ್ತಿದ ಕೆರೆ ಖಾಲಿ ಕೆರೆಯಲ್ಲ. ನೆಲಗುಬ್ಬಿ, ಗೌಜಲಹಕ್ಕಿ, ಟಿಟ್ಟಿಭ, ಮೊಲ, ಒಣ ಹುಲ್ಲಿನ ನಡುವಿನ ನೂರೆಂಟು ಕೀಟಗಳಿಗೆ ಅದೇ ಮನೆ. ಈಗ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ "ಹಕ್ಕಿಗಳು ಜಾಸ್ತಿಯಾಗಿವೆ" ಎನ್ನುತ್ತಾರೆ. ಎಷ್ಟಿದ್ದದ್ದು ಎಷ್ಟಾಗಿದೆ, ಯಾವುದು ಬಂದು ಯಾವುದು ಹೋಗಿದೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ಇಂಥ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಯಾರಾದರೂ ಕಂಡದ್ದನ್ನು ಬರೆದಿಟ್ಟಿರಬೇಕು. ಬರೆದದ್ದು ಬೇರೆಯವರ ಕೈಗೂ ಸಿಗಬೇಕು. ಏನು, ಎಲ್ಲಿ, ಯಾವಾಗ, ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದು ದಾಖಲೆ. ಐದನೆಯದೊಂದಿದೆ: ಎಷ್ಟು ಹುಡುಕಿದ ಮೇಲೆ? ಇದಕ್ಕೆ ಉತ್ತರವಿಲ್ಲದ ದಾಖಲೆ "ಇತ್ತು" ಎಂದಷ್ಟೇ ಹೇಳಬಲ್ಲದು. ಹೆಚ್ಚಿತೋ ಕಡಿಮೆಯಾಯಿತೋ ಹೇಳಲಾರದು. ಈ ಮಾರ್ಗದರ್ಶಿಯಲ್ಲಿ ನಾನು ಮತ್ತೆ ಮತ್ತೆ ಆ ಐದನೆಯ ಪ್ರಶ್ನೆಗೇ ಬರುತ್ತೇನೆ.

ಹಂತ 1: ಯಾವ ದತ್ತಾಂಶಕೋಶಕ್ಕೆ ಏನು ಎಂದು ತಿಳಿಯಿರಿ

ಹಕ್ಕಿಗಳಿಗೆ ಇ-ಬರ್ಡ್ ಎಂಬ ಜಾಲತಾಣ ಮತ್ತು ಆ್ಯಪ್. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ನ್ಯಾಷನಲ್ ಆಡುಬಾನ್ ಸೊಸೈಟಿ 2002ರಲ್ಲಿ ಆರಂಭಿಸಿದ್ದು. ನಮ್ಮ ದೇಶದಲ್ಲಿ ಇದರ ಕೆಲಸವನ್ನು ನೋಡಿಕೊಳ್ಳುವುದು ಬರ್ಡ್ ಕೌಂಟ್ ಇಂಡಿಯಾ. ಗಿಡ, ಚಿಟ್ಟೆ, ಜೇಡ, ಅಣಬೆ, ಹಾವು, ಹೀಗೆ ಫೋಟೊ ತೆಗೆಯಬಹುದಾದ ಯಾವುದಕ್ಕಾದರೂ ಐನ್ಯಾಚುರಲಿಸ್ಟ್. ಇದು 2008ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿತು. ಅದೇ ವರ್ಷ ಶುರುವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಭಾರತದ ಜೀವಿಗಳಿಗೇ ಮೀಸಲು.

ಇವೆಲ್ಲ ನಾವು ನೇರವಾಗಿ ಬರೆಯುವ ಜಾಗಗಳು. ಇವುಗಳ ಮೇಲೆ ಜಿಬಿಐಎಫ್ ಇದೆ. ಗ್ಲೋಬಲ್ ಬಯೋಡೈವರ್ಸಿಟಿ ಇನ್ಫರ್ಮೇಶನ್ ಫೆಸಿಲಿಟಿ ಎಂಬುದು ಅದರ ಪೂರ್ಣ ಹೆಸರು. 2001ರಲ್ಲಿ ಸ್ಥಾಪನೆಯಾಯಿತು, ಕಚೇರಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದೆ. ಅಲ್ಲಿ 200 ಕೋಟಿಗೂ ಹೆಚ್ಚು ದಾಖಲೆಗಳಿವೆ. ನೀವು ಕಂಡ ಬೆಳ್ಳಕ್ಕಿಯನ್ನು ಜಿಬಿಐಎಫ್‌ಗೆ ನೇರವಾಗಿ ಸೇರಿಸಲು ಆಗುವುದಿಲ್ಲ. ವಸ್ತುಸಂಗ್ರಹಾಲಯ, ಒಣಗಿಸಿದ ಗಿಡಗಳನ್ನು ಕಾಪಿಡುವ ಹರ್ಬೇರಿಯಂ, ವಿಶ್ವವಿದ್ಯಾಲಯ, ಐನ್ಯಾಚುರಲಿಸ್ಟ್‌ನಂಥ ತಾಣ, ಇವು ಪ್ರಕಾಶಕರಾಗಿ ನೋಂದಾಯಿಸಿಕೊಂಡು ತಮ್ಮ ದತ್ತಾಂಶವನ್ನು ಅಲ್ಲಿಗೆ ಕೊಡುತ್ತವೆ.

ಹಂತ 2: ಒಂದು ಕೆರೆಯನ್ನು ನಿಮ್ಮದಾಗಿಸಿಕೊಳ್ಳಿ

ಅಪರೂಪದ ಹಕ್ಕಿಯ ಸುದ್ದಿ ಬಂದ ಕಡೆಗೆಲ್ಲ ಬೈಕ್ ಓಡಿಸುವುದು ಮಜವೇ ಹೌದು, ಆದರೆ ಅದರಿಂದ ಹುಟ್ಟುವ ದತ್ತಾಂಶ ದುರ್ಬಲ. ಕೋಲಾರಮ್ಮನ ಕೆರೆಯೋ, ನರಸಾಪುರದ ಕೆರೆಯೋ, ನಿಮ್ಮ ಊರಿನ ಹೆಸರಿಲ್ಲದ ಕುಂಟೆಯೋ, ಒಂದನ್ನು ಆರಿಸಿ. ಏರಿಯ ಮೇಲೆ ಎಲ್ಲಿಂದ ಎಲ್ಲಿಗೆ ನಡೆಯುತ್ತೀರಿ, ಬೆಳಿಗ್ಗೆ ಎಷ್ಟು ಹೊತ್ತಿಗೆ, ಎಷ್ಟು ಸಮಯ ಎಂದು ಗೊತ್ತುಮಾಡಿಕೊಂಡು ಅದನ್ನೇ ತಿಂಗಳು ತಿಂಗಳೂ ಮಾಡಿ. ಹಕ್ಕಿಗಳಿಲ್ಲದ ಬೇಸಿಗೆಯಲ್ಲೂ ಹೋಗಿ. "ಇವತ್ತು ಏನೂ ಇರಲಿಲ್ಲ" ಎನ್ನುವ ದಿನವೇ ವಿಜ್ಞಾನಿಗೆ ಹೆಚ್ಚು ಬೇಕಾದದ್ದು. ಅದನ್ನು ಬರೆಯುವವರು ತೀರಾ ಕಡಿಮೆ.

ಹಂತ 3: ಹಕ್ಕಿಗಳ ಪಟ್ಟಿ ಮಾಡುವ ವಿಧಾನ

ಇ-ಬರ್ಡ್ ಆ್ಯಪ್‌ನಲ್ಲಿ ಖಾತೆ ತೆರೆದು, ಕೆರೆಯ ಏರಿ ತಲುಪಿದ ಮೇಲೆ ಪಟ್ಟಿ ಶುರುಮಾಡಿ. ನಡೆದ ದೂರ ಮತ್ತು ಸಮಯವನ್ನು ಆ್ಯಪ್ ತಾನೇ ಲೆಕ್ಕ ಇಡುತ್ತದೆ. ಒಂದೇ ಜಾಗದಲ್ಲಿ ನಿಂತು ನೋಡಿದರೆ ಒಂದು ವಿಧ, ನಡೆಯುತ್ತ ನೋಡಿದರೆ ಇನ್ನೊಂದು ವಿಧ, ಬಸ್ಸಿನ ಕಿಟಕಿಯಿಂದ ಆಕಸ್ಮಿಕವಾಗಿ ಕಂಡದ್ದಾದರೆ ಮೂರನೆಯದು. ಇವನ್ನು ಬೆರೆಸಬೇಡಿ. ಪಟ್ಟಿ ಕನಿಷ್ಠ 15 ನಿಮಿಷದ್ದಾಗಿರಲಿ. ಹೋದ ದಾರಿಯಲ್ಲೇ ವಾಪಸು ಬಂದರೆ ದೂರವನ್ನು ಒಮ್ಮೆ ಮಾತ್ರ ಎಣಿಸಿ.

ಜಾಗವನ್ನು ಆರಿಸುವಾಗ ನಕ್ಷೆಯಲ್ಲಿ ಆ ಕೆರೆಗೆ ಈಗಾಗಲೇ ಹಾಟ್‌ಸ್ಪಾಟ್, ಅಂದರೆ ಎಲ್ಲರೂ ಬಳಸುವ ಸ್ಥಳದ ಗುರುತು, ಇದೆಯೇ ನೋಡಿ. ಇದ್ದರೆ ಅದನ್ನೇ ಬಳಸಿ. ಒಬ್ಬೊಬ್ಬರೂ ತಮ್ಮದೇ ಗುರುತು ಹಾಕಿದರೆ ಒಂದು ಕೆರೆಯ ಮಾಹಿತಿ ಹತ್ತು ಹೆಸರಿನಲ್ಲಿ ಚದುರಿಹೋಗುತ್ತದೆ.

ಎಣಿಕೆಯ ವಿಷಯಕ್ಕೆ ಬರೋಣ. ಆ್ಯಪ್‌ನಲ್ಲಿ ಸಂಖ್ಯೆಯ ಬದಲು 'ಎಕ್ಸ್' ಒತ್ತುವ ಅವಕಾಶವಿದೆ; ಇತ್ತು, ಎಣಿಸಲಿಲ್ಲ ಎಂದು ಅದರ ಅರ್ಥ. ಸೋಮಾರಿತನಕ್ಕೆ ಕೊಟ್ಟ ಸೌಲಭ್ಯ ಎಂದೇ ನನ್ನ ಅಭಿಪ್ರಾಯ. ನಾಮದ ಕೋಳಿಗಳ ದೊಡ್ಡ ಹಿಂಡು ಕಂಡರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ನೀರಿನ ಮೇಲೆ ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆಯಲ್ಲಿ ಅಂದಾಜು ಮಾಡಿ, ಅಂಥ ಎಷ್ಟು ಜಾಗಗಳಿವೆ ಎಂದು ನೋಡಿದರೆ ಆಯಿತು. 180 ಎಂದು ಬರೆದದ್ದು ನಿಜದಲ್ಲಿ 210 ಆಗಿದ್ದರೂ 'ಎಕ್ಸ್'ಗಿಂತ ಸಾವಿರ ಪಾಲು ಮೇಲು.

ಕೊನೆಯಲ್ಲಿ ಆ್ಯಪ್ ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಪಟ್ಟಿಯಲ್ಲಿ ಸೇರಿಸಿದ್ದೀರಾ? ಕಾಗೆ, ಗೊರವಂಕ, ಪಾರಿವಾಳಗಳನ್ನು ಬಿಟ್ಟು ಚಂದದವನ್ನಷ್ಟೇ ಬರೆದಿದ್ದರೆ ಉತ್ತರ 'ಇಲ್ಲ'. ಎಲ್ಲವನ್ನೂ ಬರೆದಿದ್ದರೆ 'ಹೌದು'. ಗುರುತು ಸಿಗದ ಒಂದೆರಡು ಹಕ್ಕಿ ಉಳಿದಿದ್ದರೂ ಪರವಾಗಿಲ್ಲ. ಈ 'ಹೌದು' ಹೇಳಿದ ಪಟ್ಟಿಗಷ್ಟೇ ನಮ್ಮ ಐದನೆಯ ಪ್ರಶ್ನೆಗೆ ಉತ್ತರಿಸುವ ಶಕ್ತಿ ಬರುತ್ತದೆ. ಒಂದು ಗಂಟೆ, ಒಂದೂವರೆ ಕಿಲೋಮೀಟರ್, ಎಲ್ಲ ಹಕ್ಕಿಗಳ ಪಟ್ಟಿ, ಅದರಲ್ಲಿ ಗುಳುಮುಳುಕ ಇಲ್ಲ ಎಂದರೆ ಆ ಹೊತ್ತಿಗೆ ಅದು ಅಲ್ಲಿ ಕಾಣಲಿಲ್ಲ ಎಂದು ಹೇಳಬಹುದು.

ಗೆಳೆಯರ ಜೊತೆ ಹೋದರೆ ಒಬ್ಬರು ಪಟ್ಟಿ ಮಾಡಿ ಉಳಿದವರಿಗೆ ಹಂಚಿ. ಮೂವರು ಬೇರೆ ಬೇರೆ ಪಟ್ಟಿ ಹಾಕಿದರೆ ಅದೇ ವರಟೆ ಬಾತು ಮೂರು ಬಾರಿ ಲೆಕ್ಕಕ್ಕೆ ಸೇರುತ್ತದೆ.

ಈ ಊರಿಗೆ, ಈ ತಿಂಗಳಿಗೆ ಹೊಂದದ ಹಕ್ಕಿಯನ್ನೋ ವಿಪರೀತ ಸಂಖ್ಯೆಯನ್ನೋ ಬರೆದರೆ ಆ್ಯಪ್ ತಡೆದು ವಿವರ ಕೇಳುತ್ತದೆ. ಆಮೇಲೆ ಸ್ವಯಂಸೇವಕ ಪರಿಶೀಲಕರೊಬ್ಬರು ನಿಮಗೆ ಪತ್ರ ಬರೆಯಬಹುದು. ಇದನ್ನು ಅವಮಾನವೆಂದು ತಿಳಿಯುವವರು ಬಹಳ. ಅವರು ನಿಮ್ಮನ್ನು ನಂಬದೆ ಕೇಳುತ್ತಿಲ್ಲ. ಹತ್ತು ವರ್ಷಗಳ ನಂತರ ಆ ಸಾಲನ್ನು ಓದುವ ಅಪರಿಚಿತರ ಪರವಾಗಿ ಕೇಳುತ್ತಿದ್ದಾರೆ. ಕೊಕ್ಕಿನ ಬಣ್ಣ, ಹಾರಾಟ, ಕೂಗು, ಏನು ನೋಡಿದಿರೋ ಅದನ್ನು ಬರೆಯಿರಿ. ದೃಢಪಡದ ದಾಖಲೆ ನಿಮ್ಮ ಪಟ್ಟಿಯಲ್ಲಿ ಉಳಿಯುತ್ತದೆ, ಸಾರ್ವಜನಿಕ ನಕ್ಷೆಗೆ ಮಾತ್ರ ಹೋಗುವುದಿಲ್ಲ.

ಹಂತ 4: ಫೋಟೊದಿಂದ ದಾಖಲೆ

ಐನ್ಯಾಚುರಲಿಸ್ಟ್‌ನಲ್ಲಿ ಒಂದು ದಾಖಲೆ ಎಂದರೆ ಒಂದು ಜೀವಿ, ಒಂದು ಹೊತ್ತು, ಒಂದು ಜಾಗ. ಅದೇ ಗಿಡದ ಎಲೆ, ಹೂವು, ಕಾಯಿ, ತೊಗಟೆಯ ಫೋಟೊಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ. ಪಕ್ಕದ ಗಿಡದ್ದನ್ನು ಅದರಲ್ಲಿ ತುರುಕಬೇಡಿ. ಗಿಡದ ಹೂವನ್ನಷ್ಟೇ ಹತ್ತಿರದಿಂದ ತೆಗೆದ ಸುಂದರ ಚಿತ್ರ ಕ್ಯಾಲೆಂಡರಿಗೆ ಒಳ್ಳೆಯದು. ಗುರುತಿಸುವವರಿಗೆ ಎಲೆ ಕಾಂಡಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದು ಕಾಣಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಹಾಕಬೇಡಿ. ಕಳಿಸುವಾಗಲೇ ಅದರೊಳಗಿನ ದಿನಾಂಕ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗಿರುತ್ತದೆ. ತೆಗೆದವರಿಂದ ಮೂಲ ಫೈಲನ್ನೇ ಪಡೆಯಿರಿ. ಅದಕ್ಕಿಂತ ಒಳ್ಳೆಯದು, ಅವರೇ ತಮ್ಮ ಖಾತೆಯಿಂದ ಹಾಕುವಂತೆ ಮಾಡಿ.

ಹೆಸರು ಗೊತ್ತಿಲ್ಲದಿದ್ದರೆ 'ಸಸ್ಯ' ಅಥವಾ 'ಕೀಟ' ಎಂದಷ್ಟೇ ಹಾಕಿ. ಆ್ಯಪ್ ಫೋಟೊ ನೋಡಿ ಹೆಸರು ಸೂಚಿಸುತ್ತದೆ. ಕಣ್ಣು ಮುಚ್ಚಿ ಒಪ್ಪಬೇಡಿ. ಆ ಪ್ರಭೇದ ದಕ್ಷಿಣ ಭಾರತದಲ್ಲಿ ಇದೆಯೇ ಎಂದು ನಕ್ಷೆ ನೋಡಿ. ಸಂಶಯವಿದ್ದರೆ ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಕುಲದ ಮಟ್ಟದಲ್ಲೇ ನಿಲ್ಲಿಸಿ. ದಿನಾಂಕ, ಸ್ಥಳ, ಫೋಟೊ ಅಥವಾ ಧ್ವನಿ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಪ್ರಭೇದದ ಹೆಸರನ್ನು ಒಪ್ಪಿದರೆ ದಾಖಲೆ 'ಸಂಶೋಧನಾ ದರ್ಜೆ'ಗೆ ಏರುತ್ತದೆ. ಸೂಕ್ತ ಪರವಾನಗಿ ಇದ್ದರೆ ಅಲ್ಲಿಂದ ಜಿಬಿಐಎಫ್‌ಗೆ ಹೋಗುತ್ತದೆ.

ಶ್ರೀನಿವಾಸಪುರದ ತೋಟದ ಮಾವಿನ ಮರವನ್ನು ಹಾಕಿದರೆ 'ನೆಟ್ಟು ಬೆಳೆಸಿದ್ದು' ಎಂದು ಗುರುತು ಮಾಡಬೇಕು. ಅದು ಸಂಶೋಧನಾ ದರ್ಜೆಗೆ ಏರುವುದಿಲ್ಲ. ಆ ಮರದ ಮೇಲಿನ ಕೆಂಜಿಗ ಇರುವೆಯನ್ನು ಮಾತ್ರ ಯಾರೂ ನೆಟ್ಟಿಲ್ಲ. ಅದನ್ನು ಧಾರಾಳವಾಗಿ ಹಾಕಿ.

ಹಂತ 5: ಹಳೆಯ ಫೋಟೊಗಳನ್ನು ಹುಡುಕಿ ತೆಗೆಯಿರಿ

2018ಕ್ಕೆ ಮೊದಲಿನ ಕೆರೆಯಂಗಳದ ಮಾಹಿತಿ ಹೊಸದಾಗಿ ಹುಟ್ಟಲಾರದು, ಆದರೆ ಹಳೆಯ ಹಾರ್ಡ್‌ಡಿಸ್ಕ್‌ಗಳಲ್ಲಿ ಅಡಗಿರಬಹುದು. ಇ-ಬರ್ಡ್, ಐನ್ಯಾಚುರಲಿಸ್ಟ್ ಎರಡೂ ತಾಣಗಳು ಹಿಂದಿನ ದಿನಾಂಕದ ದಾಖಲೆಗಳನ್ನು ಸ್ವೀಕರಿಸುತ್ತವೆ. ಹಕ್ಕಿ ನೋಡಲೆಂದೇ ಹೋಗಿದ್ದು, ಎಷ್ಟು ಹೊತ್ತು, ಎಷ್ಟು ದೂರ ಎಂಬುದು ನೆನಪಿಲ್ಲದಿದ್ದರೆ ಇ-ಬರ್ಡ್‌ನಲ್ಲಿ 'ಐತಿಹಾಸಿಕ' ವಿಧ ಆರಿಸಿ. ಊಹಿಸಿ ಸಮಯ ತುಂಬಬೇಡಿ. ಮದುವೆ ಫೋಟೊದ ಹಿನ್ನೆಲೆಯಲ್ಲಿ ಕೆರೆಯೂ ಅದರಲ್ಲಿ ಗುರುತು ಸಿಗುವಂಥ ಕೊಕ್ಕರೆಯೂ ಇದ್ದರೆ ಅದೂ ದಾಖಲೆಯೇ.

ಹಂತ 6: ಕೋಶದೊಳಗೆ ಹೆಸರು ಹೇಗೆ ಕೂರುತ್ತದೆ

ನಾವು ಬೆಳ್ಳಕ್ಕಿ ಎಂದು ಕರೆಯುವುದರಲ್ಲಿ ಮೂರು ನಾಲ್ಕು ಪ್ರಭೇದಗಳಿವೆ. ಆದ್ದರಿಂದ ಕೋಶಗಳು ವೈಜ್ಞಾನಿಕ ಹೆಸರನ್ನು ಹಿಡಿಯುತ್ತವೆ. ವೈಜ್ಞಾನಿಕ ಹೆಸರೂ ಸ್ಥಿರವಲ್ಲ ಎನ್ನುವುದು ಹೊಸಬರಿಗೆ ತಲೆನೋವು. ಹೊಂಗೆಯನ್ನು ನೋಡಿ: ಲಿನೇಯಸ್ 1753ರಲ್ಲಿ ಅದನ್ನು ಸೈಟಿಸಸ್ ಪಿನ್ನೇಟಸ್ ಎಂದ. ಆಮೇಲೆ ಪೊಂಗಾಮಿಯ ಗ್ಲಾಬ್ರ, ಪೊಂಗಾಮಿಯ ಪಿನ್ನೇಟ, ಡೆರಿಸ್ ಇಂಡಿಕ, ಮಿಲೆಶಿಯ ಪಿನ್ನೇಟ ಎಂಬ ಹೆಸರುಗಳೆಲ್ಲ ಬಳಕೆಗೆ ಬಂದವು. ಕೆರೆಯಂಗಳಗಳನ್ನು ಆಕ್ರಮಿಸಿದ ಬಳ್ಳಾರಿ ಜಾಲಿ 2022ರವರೆಗೆ ಪ್ರೊಸೋಪಿಸ್ ಆಗಿತ್ತು, ಈಗ ನೆಲ್ಟುಮ ಜೂಲಿಫ್ಲೋರ.

ಕ್ಯಾಟಲಾಗ್ ಆಫ್ ಲೈಫ್‌ನಂಥ ಹೆಸರುಗಳ ಕೋಶ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ಹಳೆಯ ಹೆಸರುಗಳನ್ನು ಅಳಿಸುವುದಿಲ್ಲ. ಪ್ರತಿಯೊಂದನ್ನೂ ಈಗ ಒಪ್ಪಿರುವ ಹೆಸರಿಗೆ ಕಟ್ಟಿಡುತ್ತಾರೆ. ಹಾಗಾಗಿ ಹಳೆಯ ಹೆಸರು ಬರೆದಿದ್ದರೂ ನಿಮ್ಮ ದಾಖಲೆ ಕಳೆದುಹೋಗದು. ಒಂದು ಪ್ರಭೇದ ಎರಡಾಗಿ ಒಡೆದಾಗ ಮಾತ್ರ ಕಷ್ಟ. ಕೆರೆಯ ಜೊಂಡಿನಲ್ಲಿ ಓಡಾಡುವ ನೀಲಿ ಜಂಬುಕೋಳಿ ಹಿಂದೆ ಯುರೋಪಿನಿಂದ ಆಸ್ಟ್ರೇಲಿಯದವರೆಗೆ ಒಂದೇ ಎನ್ನಲಾಗಿತ್ತು. ಈಗ ಭಾರತದ್ದು ಪೊರ್ಫಿರಿಯೊ ಪೋಲಿಯೊಸೆಫಾಲಸ್ ಎಂಬ ಬೇರೆ ಪ್ರಭೇದ. ಸ್ಥಳ ಸರಿಯಾಗಿದ್ದರೆ ಕೋಶ ತಾನೇ ಹೊಸ ಹೆಸರಿಗೆ ವರ್ಗಾಯಿಸುತ್ತದೆ.

ಹಂತ 7: ಸಾಲು ಮತ್ತು ಕಾಲಂ

ಕಾಲೇಜಿನ ತಂಡವೋ ಊರಿನ ಸಂಘವೋ ತನ್ನದೇ ಎಕ್ಸೆಲ್ ಹಾಳೆಯಲ್ಲಿ ದತ್ತಾಂಶ ಇಡುವುದಾದರೆ ಡಾರ್ವಿನ್ ಕೋರ್ ಎಂಬ ಮಾನದಂಡವನ್ನು ಮೊದಲ ದಿನದಿಂದಲೇ ಅನುಸರಿಸಿ. 2009ರಲ್ಲಿ ಅಂಗೀಕಾರವಾದ ಇದು ಕಾಲಂಗಳಿಗೆ ಜಗತ್ತಿಗೆಲ್ಲ ಒಂದೇ ಹೆಸರು ಕೊಟ್ಟಿದೆ. ಮುಳಬಾಗಿಲಿನ ಪಹಣಿಯನ್ನು ಮಾಲೂರಿನವರು ಓದಬಲ್ಲರು, ಏಕೆಂದರೆ ಕಾಲಂಗಳು ಎಲ್ಲೆಡೆ ಒಂದೇ, ಇದೂ ಹಾಗೆಯೇ. ಒಂದು ಮಾದರಿ ಸಾಲು ಹೀಗಿರಬಹುದು:

ದಾಖಲೆಯ ಗುರುತು: ಕೋಲಾರ-ಕೆರೆ-000417
ದಾಖಲೆಯ ಆಧಾರ: ಮನುಷ್ಯರು ಕಂಡದ್ದು
ವೈಜ್ಞಾನಿಕ ಹೆಸರು: ಟ್ಯಾಕಿಬ್ಯಾಪ್ಟಸ್ ರೂಫಿಕೋಲಿಸ್
ದಿನಾಂಕ: 2025-01-12
ಅಕ್ಷಾಂಶ, ರೇಖಾಂಶ: 13.1402, 78.1187
ಸ್ಥಳದ ಅನಿಶ್ಚಿತತೆ: 100 ಮೀಟರ್
ಸಂಖ್ಯೆ: 14
ಸ್ಥಿತಿ: ಇದೆ
ವಿಧಾನ ಮತ್ತು ಶ್ರಮ: ಏರಿಯ ಮೇಲೆ ನಡೆದು ಎಣಿಕೆ, 60 ನಿಮಿಷ, 1.5 ಕಿ.ಮೀ.

ಇದು ಗುಳುಮುಳುಕದ ಸಾಲು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಹಾಳೆಯಲ್ಲಿ ಕಾಲಂ ಹೆಸರುಗಳನ್ನು ಮಾನದಂಡದಲ್ಲಿ ಇರುವಂತೆಯೇ ಇಂಗ್ಲಿಷಿನಲ್ಲಿ ಇಡಬೇಕು. ಗುರುತಿನ ಸಂಖ್ಯೆ ಒಮ್ಮೆ ಕೊಟ್ಟರೆ ಮುಗಿಯಿತು: ಸಾಲು ಅಳಿಸಿದರೂ ಆ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ. ದಿನಾಂಕ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲೇ ಇರಲಿ. 01/12 ಎಂದರೆ ನಮಗೆ ಡಿಸೆಂಬರ್ 1, ಅಮೆರಿಕದವರಿಗೆ ಜನವರಿ 12. ಎಕ್ಸೆಲ್ ದಿನಾಂಕವನ್ನು ತನ್ನಿಷ್ಟಕ್ಕೆ ಬದಲಿಸದಂತೆ ಆ ಕಾಲಂ ಅನ್ನು ಮೊದಲೇ 'ಪಠ್ಯ' ಎಂದು ನಿಗದಿಮಾಡಿ.

ದಾಖಲೆಯ ಆಧಾರ ಎಂಬ ಕಾಲಂ ಅನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಣ್ಣಿಂದ ಕಂಡದ್ದು, ಕ್ಯಾಮೆರಾ ಟ್ರ್ಯಾಪ್‌ನಂಥ ಯಂತ್ರ ಹಿಡಿದದ್ದು, ಒಣಗಿಸಿ ಕಾಪಿಟ್ಟ ಮಾದರಿ, ಇವು ಬೇರೆ ಬೇರೆ ತೂಕದ ಸಾಕ್ಷಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿರುವ ಒಣ ಗಿಡವನ್ನು ಮುಂದಿನ ತಲೆಮಾರಿನ ತಜ್ಞರು ಮತ್ತೆ ತೆರೆದು ನೋಡಬಹುದು. ನೀವು ಕಂಡ ಹಕ್ಕಿ ಹಾರಿಹೋಗಿದೆ.

ಹಂತ 8: ಅಕ್ಷಾಂಶ, ರೇಖಾಂಶ

ಕೋಲಾರ ಪಟ್ಟಣ ಸುಮಾರು 13.14 ಉತ್ತರ, 78.13 ಪೂರ್ವದಲ್ಲಿದೆ. ಎರಡನ್ನೂ ಅದಲುಬದಲು ಬರೆದರೆ ನಿಮ್ಮ ಗುಳುಮುಳುಕ ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಈಜುತ್ತಿರುತ್ತದೆ. ಇದು ತಮಾಷೆಯಲ್ಲ, ದತ್ತಾಂಶಕೋಶಗಳಲ್ಲಿ ಅತಿ ಸಾಮಾನ್ಯವಾದ ತಪ್ಪುಗಳಲ್ಲಿ ಇದೊಂದು. ಸ್ಥಳ ಬಿಟ್ಟುಹೋದಾಗ ಸೊನ್ನೆ, ಸೊನ್ನೆ ತುಂಬುವುದು ಇನ್ನೊಂದು. ಆ ದಾಖಲೆಗಳೆಲ್ಲ ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದ ನಡುವೆ ಹೋಗಿ ಬೀಳುತ್ತವೆ.

ದಶಮಾಂಶದ ನಂತರ ನಾಲ್ಕು ಅಂಕೆ ಇದ್ದರೆ ಸುಮಾರು 11 ಮೀಟರ್ ನಿಖರತೆ. ಎರಡೇ ಇದ್ದರೆ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಆರೇಳು ಅಂಕೆ ಬರೆಯುವುದು ಬರೀ ಆಡಂಬರ. 'ಕೋಲಾರ ತಾಲ್ಲೂಕು' ಎಂದಷ್ಟೇ ಗೊತ್ತಿರುವ ಹಳೆಯ ದಾಖಲೆಗೆ ಪಟ್ಟಣದ ಮಧ್ಯಬಿಂದುವನ್ನು ಹಾಕಿ, ಅನಿಶ್ಚಿತತೆಯ ಕಾಲಂನಲ್ಲಿ ಹಲವು ಸಾವಿರ ಮೀಟರ್ ಎಂದು ಬರೆಯಿರಿ. ಆ ಕಾಲಂ ಖಾಲಿ ಬಿಟ್ಟರೆ ಓದುವವರು ಹಕ್ಕಿ ಗಡಿಯಾರ ಗೋಪುರದ ಕೆಳಗೇ ಇತ್ತೆಂದು ನಂಬುತ್ತಾರೆ.

ಹಂತ 9: ಯಾವುದನ್ನು ಮುಚ್ಚಿಡಬೇಕು

ಕೋಲಾರ ಜಿಲ್ಲೆಗೆ ತನ್ನದೇ ಹೆಸರಿನ ಒಂದು ಬಾವಲಿ ಇದೆ: ಕೋಲಾರ ಎಲೆಮೂಗಿನ ಬಾವಲಿ, ಹಿಪ್ಪೊಸಿಡೆರಸ್ ಹೈಪೊಫಿಲಸ್. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇದು ಇಲ್ಲಿನ ಬಂಡೆಗುಹೆಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರುವುದು ಗೊತ್ತಿಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ 'ತೀವ್ರ ಅಪಾಯ'ದ ವರ್ಗದಲ್ಲಿದೆ. ಗ್ರಾನೈಟ್ ಗಣಿಗಾರಿಕೆ ಅದರ ದೊಡ್ಡ ಶತ್ರು. ಇಂಥ ಪ್ರಾಣಿಯ ವಿಷಯದಲ್ಲಿ ದಾಖಲೆ ಎರಡು ಅಲಗಿನ ಕತ್ತಿ. ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಗಣಿಯನ್ನು ತಡೆಯಲಾಗದು; ಎಲ್ಲರಿಗೂ ಗೊತ್ತಾದರೆ ಗುಹೆಗೆ ಟಾರ್ಚು ಹಿಡಿದವರ ಸಾಲು. ಹೊಸ ನೆಲೆ ಕಂಡರೆ ಅರಣ್ಯ ಇಲಾಖೆಗೂ ಬಾವಲಿ ತಜ್ಞರಿಗೂ ತಿಳಿಸಿ, ಸಾರ್ವಜನಿಕ ನಕ್ಷೆಯಲ್ಲಿ ಬಿಂದು ಇಡಬೇಡಿ.

ಕಳ್ಳಸಾಗಣೆಗೆ ಗುರಿಯಾಗುವ ನಕ್ಷತ್ರ ಆಮೆ, ಮಾಟಮಂತ್ರಕ್ಕೆಂದು ಹಿಡಿಯುವ ಕಾಡುಪಾಪ, ಗೂಡಿನಲ್ಲಿರುವ ಗೂಬೆಗಳ ವಿಷಯವೂ ಇಷ್ಟೇ. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಹಲವು ಪ್ರಭೇದಗಳ ಸ್ಥಳವನ್ನು ತಾನೇ ಮಸುಕಾಗಿಸುತ್ತದೆ: ನಿಜವಾದ ಬಿಂದುವಿನ ಬದಲು 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಬಿಂದುವನ್ನು ತೋರಿಸುತ್ತದೆ. ಆ ಚೌಕದ ಒಂದು ಬದಿ ಸುಮಾರು 22 ಕಿಲೋಮೀಟರ್. ಬೇಕೆನಿಸಿದರೆ ಯಾವ ದಾಖಲೆಯನ್ನಾದರೂ ನೀವೇ ಹೀಗೆ ಮಸುಕಾಗಿಸಬಹುದು. ಆದರೆ ಕೆಳಗಿನ ಟಿಪ್ಪಣಿಯಲ್ಲಿ "ನಮ್ಮ ಊರಿನ ಮಾರಮ್ಮನ ಗುಡಿಯ ಹಿಂದಿನ ಬಂಡೆ" ಎಂದು ಬರೆದರೆ ಮುಚ್ಚಿದ್ದೆಲ್ಲ ವ್ಯರ್ಥ.

ಹಂತ 10: ಪರವಾನಗಿ

ಜಿಬಿಐಎಫ್ ಮೂರು ಬಗೆಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನು ಮಾತ್ರ ಒಪ್ಪುತ್ತದೆ: ಯಾವ ಷರತ್ತೂ ಇಲ್ಲದ್ದು, ಹೆಸರು ಹೇಳಿ ಬಳಸಬಹುದಾದದ್ದು, ಹೆಸರು ಹೇಳಿ ವ್ಯಾಪಾರೇತರ ಕೆಲಸಕ್ಕೆ ಬಳಸಬಹುದಾದದ್ದು. ಐನ್ಯಾಚುರಲಿಸ್ಟ್‌ನಲ್ಲಿ ನೀವು ಏನೂ ಬದಲಿಸದಿದ್ದರೆ ಮೂರನೆಯದು ಇರುತ್ತದೆ. 'ಎಲ್ಲ ಹಕ್ಕುಗಳೂ ಕಾಯ್ದಿರಿಸಲಾಗಿದೆ' ಎಂದು ಮಾಡಿಟ್ಟರೆ ನಿಮ್ಮ ದಾಖಲೆ ಮುಂದಕ್ಕೆ ಹೋಗದು. ಫೋಟೊಗೆ ಒಂದು, ದಾಖಲೆಗೆ ಇನ್ನೊಂದು ಪರವಾನಗಿ ಇಡಬಹುದು. ಛಾಯಾಗ್ರಹಣವೇ ಜೀವನೋಪಾಯವಾಗಿರುವವರು ಫೋಟೊವನ್ನು ಬಿಗಿಯಾಗಿಟ್ಟು ದಾಖಲೆಯನ್ನು ತೆರೆದಿಡಲಿ.

ಹಂತ 11: ಪಂಚಾಯಿತಿಯ ದಾಖಲೆ ಬೇರೆಯೇ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜನರೊಂದಿಗೆ ಕೂತು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ. ಜಾಗತಿಕ ಕೋಶಗಳಿಗೆ ಹೊಂದದ್ದು ಇಲ್ಲಿ ಹೊಂದುತ್ತದೆ: ಅಜ್ಜಿ ಕಾಪಾಡಿಕೊಂಡು ಬಂದ ರಾಗಿ ತಳಿ, ಬೇಲಿಯ ಸೊಪ್ಪು, ಬರಗಾಲದಲ್ಲಿ ತಿಂದ ಗೆಡ್ಡೆ. ಗ್ರಾಮ ಪಂಚಾಯಿತಿಗೆ ಹೋಗಿ ನಿಮ್ಮ ಊರಿನ ದಾಖಲೆಯನ್ನು ತೋರಿಸಿ ಎಂದು ಕೇಳಿ. ಬೀರುವಿನಿಂದ ಹೊರಬರಲು ಕೆಲವೊಮ್ಮೆ ಎರಡು ಮೂರು ಸಲ ಓಡಾಡಬೇಕಾಗುತ್ತದೆ.

ನಾಟಿ ವೈದ್ಯರು ಹೇಳಿದ ಔಷಧದ ವಿವರವನ್ನು ಮಾತ್ರ ಯಾವ ಆ್ಯಪ್‌ನ ಟಿಪ್ಪಣಿಗೂ ಹಾಕಬೇಡಿ. ಗಿಡ ಎಲ್ಲಿದೆ ಎನ್ನುವುದು ನೀವು ಕಂಡ ಸಂಗತಿ; ಅದನ್ನು ಯಾವ ಕಾಯಿಲೆಗೆ ಹೇಗೆ ಅರೆದು ಕೊಡುತ್ತಾರೆ ಎನ್ನುವುದು ಅವರ ಜ್ಞಾನ. ಅದನ್ನು ಬರೆಯಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಅವರದೇ.

ಹಂತ 12: ಇಳಿಸಿಕೊಂಡು ಓದುವುದು

ಜಿಬಿಐಎಫ್‌ನಲ್ಲಿ ಉಚಿತ ಖಾತೆ ತೆರೆದು, ನಕ್ಷೆಯಲ್ಲಿ ಜಿಲ್ಲೆಯ ಸುತ್ತ ಗೆರೆ ಎಳೆದು, ಬೇಕಾದ ವರ್ಷಗಳನ್ನು ಆರಿಸಿ ದತ್ತಾಂಶವನ್ನು ಇಳಿಸಿಕೊಳ್ಳಿ. ಪ್ರತಿ ಇಳಿಕೆಗೂ ಡಿಒಐ ಎಂಬ ಶಾಶ್ವತ ಸಂಖ್ಯೆ ಸಿಗುತ್ತದೆ. ವರದಿ ಬರೆದರೆ ಅದನ್ನು ಉಲ್ಲೇಖಿಸಬೇಕು. ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯದೆ 'ಆಮದು' ಮಾಡಿಕೊಳ್ಳಿ, ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸಿ; ಇಲ್ಲದಿದ್ದರೆ ಕನ್ನಡ ಅಕ್ಷರಗಳು ಚಿತ್ರವಿಚಿತ್ರವಾಗಿ ಕಾಣುತ್ತವೆ. ಸ್ಥಳ, ದಿನಾಂಕಗಳಲ್ಲಿ ಅನುಮಾನವಿರುವ ಸಾಲುಗಳಿಗೆ ಎಚ್ಚರಿಕೆಯ ಗುರುತು ಇರುತ್ತದೆ, ಮೊದಲು ಅವನ್ನು ನೋಡಿ.

ಈಗ ದೊಡ್ಡ ಬಲೆ. ಒಂದು ಕೆರೆಯಲ್ಲಿ ಗುಳುಮುಳುಕದ ದಾಖಲೆಗಳು ಒಂದು ವರ್ಷ 10, ಐದು ವರ್ಷಗಳ ನಂತರ 40 ಎಂದುಕೊಳ್ಳಿ. ನಾಲ್ಕು ಪಟ್ಟು ಹೆಚ್ಚಿತೆಂದು ಪತ್ರಿಕೆಗೆ ಬರೆಯುವ ಮೊದಲು ಪಟ್ಟಿಗಳನ್ನು ಎಣಿಸಿ. ಮೊದಲ ವರ್ಷ 40 ಪೂರ್ಣ ಪಟ್ಟಿಗಳು, ಆಮೇಲಿನ ವರ್ಷ 200 ಇದ್ದರೆ, ಶೇಕಡಾ 25ರಷ್ಟು ಪಟ್ಟಿಗಳಲ್ಲಿ ಇದ್ದ ಹಕ್ಕಿ ಶೇಕಡಾ 20ಕ್ಕೆ ಇಳಿದಿದೆ. ಹೆಚ್ಚಿದ್ದು ಹಕ್ಕಿಯಲ್ಲ, ಬೈನಾಕ್ಯುಲರ್ ಹಿಡಿದವರು. ದೇಶದ 942 ಪ್ರಭೇದಗಳ ಸ್ಥಿತಿಯನ್ನು ಅಳೆದ 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯೂ ಇ-ಬರ್ಡ್‌ಗೆ ಬಂದ ಪಟ್ಟಿಗಳನ್ನೇ ನೆಚ್ಚಿಕೊಂಡಿತ್ತು. ಗಮನಿಸಿ: ಇ-ಬರ್ಡ್ ದಾಖಲೆಗಳು ಜಿಬಿಐಎಫ್‌ಗೆ ಹೋಗುವಾಗ ಸಮಯ, ದೂರಗಳ ವಿವರ ಜೊತೆಗೆ ಹೋಗುವುದಿಲ್ಲ. ಇಂಥ ಲೆಕ್ಕಕ್ಕೆ ಇ-ಬರ್ಡ್‌ನಿಂದಲೇ ದತ್ತಾಂಶವನ್ನು ಕೋರಿ ಪಡೆಯಬೇಕು.

ನಕ್ಷೆಯಲ್ಲಿ ಬಿಂದುಗಳಿಲ್ಲದ ಜಾಗವನ್ನೂ ಹಾಗೆಯೇ ಓದಿ. ಹೆದ್ದಾರಿಯ ಪಕ್ಕ, ಅಂತರಗಂಗೆಯ ಮೆಟ್ಟಿಲ ಬಳಿ ಜನ ಹೋಗುತ್ತಾರೆ, ದಾಖಲೆ ಹುಟ್ಟುತ್ತದೆ. ಆಂಧ್ರದ ಗಡಿಯ ಕುರುಚಲು ಗುಡ್ಡಗಳಿಗೆ ಹೋಗುವವರು ಕಡಿಮೆ. ಅಲ್ಲಿ ಬಿಳಿ ಜಾಗವಿದ್ದರೆ ಜೀವಿಗಳಿಲ್ಲ ಎಂದಲ್ಲ.

ತಪ್ಪು ಕಂಡರೆ ಜಿಬಿಐಎಫ್‌ನಲ್ಲಿ ತಿದ್ದಲಾಗದು. ದಾಖಲೆಯ ಪುಟದಲ್ಲಿ ಮೂಲ ಪ್ರಕಾಶಕರು ಯಾರೆಂದು ಇರುತ್ತದೆ, ಅವರಿಗೆ ತಿಳಿಸಬೇಕು. ಐನ್ಯಾಚುರಲಿಸ್ಟ್‌ನಿಂದ ಬಂದದ್ದಾದರೆ ಅಲ್ಲಿಗೇ ಹೋಗಿ ಸರಿಯಾದ ಹೆಸರನ್ನು ಸೂಚಿಸಿ, ಏಕೆಂದು ಒಂದು ಸಾಲು ಬರೆಯಿರಿ; ಮುಂದಿನ ಬಾರಿ ದತ್ತಾಂಶ ರವಾನೆಯಾದಾಗ ತಿದ್ದುಪಡಿ ಕೋಪನ್‌ಹೇಗನ್‌ಗೂ ತಲುಪುತ್ತದೆ.